168 ಬಿಪಿಎಂ, ಒಂದು ಸ್ನೇರ್, ಅಡುಗೆಮನೆಯ ತಟ್ಟೆಗಳು

ವಾರ 1

ಒಂದು ಜಂಗಲ್ ಟ್ರ್ಯಾಕ್ ಮಾಡಬೇಕು. ಚೂರು ಚೂರು ಮಾಡಿ ಜೋಡಿಸಿದ ವೇಗದ ಡ್ರಮ್ಸ್, ಕೆಳಗೆ ನಿಧಾನದ ಬೇಸ್, ಅಂಥ ಕುಣಿತದ ಸಂಗೀತ. 1994ರ ಹೊತ್ತಿಗೆ ಲಂಡನ್ನಿನ ಹುಡುಗರು ಮನೆಯ ಕೋಣೆಯಲ್ಲೇ ಕೂತು ಮಾಡುತ್ತಿದ್ದರಲ್ಲ, ಹಾಗೆ. ಡ್ರಮ್ ಅಂಡ್ ಬೇಸ್ ಅನ್ನೋ ಹೆಸರು ಗಟ್ಟಿಯಾಗುವ ಮೊದಲು ಬಾಯಲ್ಲಿದ್ದ ಹೆಸರು ಜಂಗಲ್.

ಲ್ಯಾಪ್‌ಟಾಪಿನಲ್ಲಿ ಒಂದರ ಮೇಲೊಂದು ಎಷ್ಟು ಪದರ ಬೇಕಾದರೂ ಹಾಕಬಹುದು. ಅದೇ ತೊಂದರೆ. ಹೋದ ವರ್ಷ ಅರವತ್ತು ಪದರ ಪೇರಿಸಿಕೊಂಡು ಒಂದು ಹಾಡನ್ನೂ ಮುಗಿಸಲಿಲ್ಲ. ಈ ಸಲ ಅಕೈ ಎಸ್950 ಸ್ಯಾಂಪ್ಲರಿನ ಲೆಕ್ಕದಲ್ಲಿ ಕೆಲಸ. ಸ್ಯಾಂಪ್ಲರ್ ಅಂದರೆ ಸದ್ದು ತುಂಬಿಕೊಂಡು ಬೇಕಾದ ಹಾಗೆ ನುಡಿಸೋ ಯಂತ್ರ. ಆ ಪೆಟ್ಟಿಗೆ ಒಂದು ಹೊತ್ತಿಗೆ 8 ದನಿ ಮಾತ್ರ ನುಡಿಸುತ್ತಿತ್ತು. ಮೆಮೊರಿ ಪೂರ್ತಿ ಏರಿಸಿದರೂ 2.25 ಎಂಬಿ. ನಮ್ಮ ಫ್ಯಾಮಿಲಿ ಗ್ರೂಪಿಗೆ ಬೆಳಗ್ಗೆ ಬರೋ ಗುಡ್ ಮಾರ್ನಿಂಗ್ ವಿಡಿಯೋ ಅದಕ್ಕಿಂತ ದೊಡ್ಡದು. ಜಾಗ ಉಳಿಸೋಕೆ ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಒಳಗೆ ತುಂಬಿಕೊಂಡು, ಆಮೇಲೆ ಕೆಳಗಿಳಿಸುತ್ತಿದ್ದರು.

ಇನ್ನೊಂದು ನಿಯಮ: ಆಮೆನ್ ಬ್ರೇಕ್ ಮುಟ್ಟೋ ಹಾಗಿಲ್ಲ. ಜಂಗಲ್‌ನ ಬೆನ್ನೆಲುಬೇ ಅದು. 1969ರಲ್ಲಿ ದಿ ವಿನ್‌ಸ್ಟನ್ಸ್ ಅನ್ನೋ ಅಮೆರಿಕದ ತಂಡ ‘ಆಮೆನ್, ಬ್ರದರ್’ ಅಂತ ಒಂದು ರೆಕಾರ್ಡಿನ ಹಿಂಬದಿಗೆ ಹಾಕಿತ್ತು. ಮಧ್ಯದಲ್ಲಿ ಎಲ್ಲರೂ ಸುಮ್ಮನಾಗಿ, ಗ್ರೆಗರಿ ಕೋಲ್ಮನ್ ಒಬ್ಬನೇ ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಸುತ್ತು, ಡ್ರಮ್ಸ್ ಬಾರಿಸುತ್ತಾನೆ. ಅದೇ ಆ ಬ್ರೇಕ್, ಏಳು ಸೆಕೆಂಡ್ ಅಷ್ಟೇ. ಆ ಏಳು ಸೆಕೆಂಡು ಸಾವಿರಾರು ಹಾಡುಗಳಿಗೆ ಹೋಯಿತು. ಅವನ ಕೈಗೆ ರಾಯಲ್ಟಿ ಅಂತ ಒಂದು ಪೈಸೆ ಬರಲಿಲ್ಲ. 2006ರಲ್ಲಿ ತೀರಿಕೊಂಡಾಗ ಇರೋಕೆ ಮನೆಯೂ ಇರಲಿಲ್ಲ. 2015ರಲ್ಲಿ ಅಭಿಮಾನಿಗಳು ಸೇರಿ ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ 24,000 ಪೌಂಡ್ ಒಟ್ಟುಮಾಡಿ ಕೊಟ್ಟರು. ನಾನು ಬಳಸದೆ ಬಿಟ್ಟರೆ ಯಾರಿಗೂ ಏನೂ ಸಿಗಲ್ಲ, ಗೊತ್ತು. ಸುಮ್ನೆ ಮನಸ್ಸು ಒಪ್ಪಲಿಲ್ಲ.

ವಾರ 2

ಗೆಳೆಯನೊಬ್ಬ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಾನೆ. ಅವನ ಗ್ಯಾರೇಜಿನಲ್ಲಿ ಭಾನುವಾರ ರೆಕಾರ್ಡಿಂಗ್. ಮೊದಲು ಕೋಲ್ಮನ್ ಬಾರಿಸಿದ್ದನ್ನು ಹತ್ತು ಸಲ ಕೇಳಿಸಿದೆ. ಎರಡು ಬಾರ್ ಒಂದೇ ಥರ. ಮೂರನೆಯದರಲ್ಲಿ ಒಂದು ಸ್ನೇರ್ (ಚಟ್ ಅನ್ನೋ ಚಿಕ್ಕ ಡ್ರಮ್) ಪೆಟ್ಟು ಬೇಕಂತಲೇ ತಡವಾಗಿ ಬೀಳುತ್ತದೆ. ನಾಲ್ಕನೆಯದರ ಮೊದಲ ಏಟೇ ಖಾಲಿ. ಕೊನೆಯಲ್ಲಿ ಸಿಂಬಲ್ ಅವಸರಪಟ್ಟು ಬರುತ್ತದೆ. ಆ ಖಾಲಿ ಜಾಗದಲ್ಲಿ ಮೆಟ್ಟಿಲು ತಪ್ಪಿದ ಹಾಗಾಗುತ್ತದೆ ನೋಡಿ, ಅಲ್ಲೇ ಇರೋದು ಮಜಾ.

ಗೆಳೆಯ ಅದೇ ಬುದ್ಧಿಯಲ್ಲಿ ನಮ್ಮದೇ ನಾಲ್ಕು ಬಾರ್ ಕಟ್ಟಿದ. 137 ಬಿಪಿಎಂ, ಅಂದರೆ ನಿಮಿಷಕ್ಕೆ 137 ತಾಳದ ಏಟು. ನಾಲ್ಕು ಮೈಕ್ ಇಟ್ಟಿದ್ದೆವು. ಮನೆಗೆ ಬಂದು 168ಕ್ಕೆ ಏರಿಸಿದೆ. ವೇಗದ ಜೊತೆಗೆ ಶ್ರುತಿಯೂ ಮೂರೂವರೆ ಸೆಮಿಟೋನ್ (ಅರ್ಧ ಸ್ವರ) ಮೇಲೆ ಹೋಗುತ್ತದೆ. ಸ್ನೇರ್ ಹೇಗಿತ್ತು ಅಂದ್ರೆ, ಖಾಲಿ ಬಿಸ್ಕತ್ ಡಬ್ಬಿ ಮೇಲೆ ಚಮಚ ಬಿದ್ದ ಹಾಗೆ. ಎಲ್ಲ ಪೆಟ್ಟೂ ಒಂದೇ ಜೋರು. ಓಟ ಇತ್ತು, ನಡಿಗೆ ಇರಲಿಲ್ಲ. ಅಳಿಸಿ ಹಾಕಿದೆ.

ವಾರ 4

ಮೂರನೇ ವಾರ ಮದುವೆ ಸೀಸನ್. ಗೆಳೆಯ ಸಿಗಲಿಲ್ಲ.

ಈ ಸಲ ಮೊದಲು ಸ್ನೇರ್ ಸಡಿಲ ಮಾಡಿಸಿದೆ. ಕೀ ಹಾಕಿ ಒಂದೊಂದು ಬೋಲ್ಟನ್ನೂ ಅರ್ಧರ್ಧ ಸುತ್ತು ತಿರುಗಿಸುತ್ತಾ, ಬೆರಳಲ್ಲಿ ತಟ್ಟಿ ನೋಡುತ್ತಾ ಹೋದ. ‘ಟಣ್’ ಅನ್ನುತ್ತಿದ್ದದ್ದು ‘ಧಪ್’ ಅನ್ನುವವರೆಗೆ. ಅವನಿಗೆ ಸಂಕಟ. ಸ್ಟೇಜಿನಲ್ಲಿ ಇದನ್ನು ಬಾರಿಸಿದರೆ ಮಾನ ಹೋಗುತ್ತೆ ಅಂದ. ಆದರೆ ಮೇಲಕ್ಕೆ ಏರಿಸಿದಾಗ ಸರಿಯಾದ ಜಾಗಕ್ಕೆ ಬರಬೇಕಾದರೆ ಕೆಳಗಿನಿಂದಲೇ ಹೊರಡಬೇಕು ಅಲ್ವಾ? ಮೈಕ್ ಒಂದೇ. ಡ್ರಮ್ಸಿನಿಂದ ಆರಡಿ ದೂರ, ಗ್ಯಾರೇಜಿನ ಬಾಗಿಲಲ್ಲಿ.

ಎರಡನೇ ಜಗಳ ಸಣ್ಣ ಪೆಟ್ಟುಗಳದ್ದು. ಗೋಸ್ಟ್ ನೋಟ್ ಅಂತಾರೆ. ಎರಡು ದೊಡ್ಡ ಸ್ನೇರ್ ನಡುವೆ ಕಡ್ಡಿ ಸುಮ್ಮನೆ ಸವರಿ ಹೋಗಬೇಕು.

“ಲೋ, ಇಷ್ಟು ಮೆಲ್ಲಗೆ ಬಾರಿಸಿದ್ರೆ ಯಾರಿಗೋ ಕೇಳ್ಸುತ್ತೆ?”

“ಕೇಳ್ಸೋದು ಬೇಡ ಮಗಾ. ಇದೆ ಅಂತ ಗೊತ್ತಾದ್ರೆ ಸಾಕು.”

ಹನ್ನೊಂದನೇ ಟೇಕ್. ಅವನಿಗೆ ಸುಸ್ತಾಗಿತ್ತು, ಕೈ ಸಡಿಲವಾಗಿತ್ತು. ಅದೇ ಉಳಿಯಿತು. ಏರಿಸಿ ಕೇಳಿದಾಗ ನಗು ಬಂತು. ದೊಡ್ಡ ಪೆಟ್ಟುಗಳು ನಿಧಾನವಾಗೇ ಇವೆ. ಓಡುತ್ತಿರೋದು ಸಣ್ಣವು. ವೇಗ ಜಾಸ್ತಿ ಮಾಡಿದರೆ ಡ್ರಮ್ ಅಂಡ್ ಬೇಸ್ ಆಗುತ್ತೆ ಅಂದುಕೊಂಡಿದ್ದೆ ಇಷ್ಟು ವರ್ಷ.

ವಾರ 5

ಕತ್ತರಿ ಕೆಲಸ. ನಾಲ್ಕು ಬಾರನ್ನು 27 ಚೂರು ಮಾಡಿ ಕೀಬೋರ್ಡಿನ ಒಂದೊಂದು ಕೀಗೆ ಒಂದೊಂದು. ಒಂದು ಚೂರು ಶುರುವಾದ ಕೂಡಲೇ ಹಿಂದಿನದು ಬಾಯಿ ಮುಚ್ಚಬೇಕು. ಇಲ್ಲದಿದ್ದರೆ ಸಿಂಬಲ್ ಮೇಲೆ ಸಿಂಬಲ್ ಬಿದ್ದು ಸಂತೆ ಆಗುತ್ತದೆ. ಇಡೀ ವಾರದ ಸಂಜೆಗಳು ಇದಕ್ಕೇ ಹೋದವು. ಸಿಕ್ಕಿದ್ದು 16 ಬಾರ್.

ಕೆಲಸದ ನಡುವೆ ಜಂಗಲ್‌ನ ದೊಡ್ಡ ಹೆಸರು ಗೋಲ್ಡಿಯ 1992ರ ‘ಟರ್ಮಿನೇಟರ್’ ಮತ್ತೆ ಮತ್ತೆ ಕೇಳಿದೆ. ಅದರಲ್ಲಿ ಡ್ರಮ್ಸಿನ ಶ್ರುತಿ ಏರುತ್ತಾ ಹೋಗುತ್ತದೆ, ವೇಗ ಮಾತ್ರ ಕದಲುವುದಿಲ್ಲ. ಹಾರ್ಮನೈಸರ್ ಅನ್ನೋ ಶ್ರುತಿ ಬದಲಿಸೋ ಯಂತ್ರ ಹಾಕಿ ಮಾಡಿದ್ದು. ಈಗ ಎರಡು ಕ್ಲಿಕ್ಕಿನ ಕೆಲಸ. ಆಗ ಅದನ್ನು ಲಂಡನ್ನಿನ ಹೆವನ್ ಕ್ಲಬ್ಬಿನ ‘ರೇಜ್’ ರಾತ್ರಿಗಳಲ್ಲಿ ಕೇಳಿದವರಿಗೆ ಹೇಗಾಗಿರಬೇಡ! ಅಲ್ಲಿ ಫೇಬಿಯೋ ಮತ್ತು ಗ್ರೂವ್‌ರೈಡರ್ ಅನ್ನೋ ಡಿಜೆಗಳು ರೆಕಾರ್ಡುಗಳ ವೇಗ ಏರಿಸಿ ಏರಿಸಿ ಹಾಕಿಯೇ ಈ ಸಂಗೀತಕ್ಕೆ ದಾರಿ ಮಾಡಿದ್ದು. ಕ್ಲಬ್ಬಿಗೆ ಹೋಗಲಾಗದವರಿಗೆ ಕೂಲ್ ಎಫ್‌ಎಂ ಥರದ ಕಳ್ಳ ರೇಡಿಯೋ ಇತ್ತು, ಎತ್ತರದ ಅಪಾರ್ಟ್‌ಮೆಂಟುಗಳ ತಾರಸಿ ಮೇಲೆ ಗುಟ್ಟಾಗಿ ಆಂಟೆನಾ ಕಟ್ಟಿ.

ವಾರ 6

ಬೇಸ್. ಡ್ರಮ್ಸ್ 168ರಲ್ಲಿ ಓಡಿದರೆ ಬೇಸ್ 84ರಲ್ಲಿ ನಡೆಯುತ್ತದೆ. ಜಮೈಕಾದಿಂದ ಬ್ರಿಟನ್ನಿಗೆ ಬಂದವರು ತಂದ ಸೌಂಡ್ ಸಿಸ್ಟಂ ಅಭ್ಯಾಸ ಇದು. ಆಳೆತ್ತರದ ಸ್ಪೀಕರ್ ಪೆಟ್ಟಿಗೆ, ಎದೆಗೆ ಬಡಿಯೋ ರೆಗೆ ಬೇಸ್. ಅವರ ಮಕ್ಕಳು ಕುಣಿದದ್ದು ಡ್ರಮ್ಸಿಗಲ್ಲ, ಇದಕ್ಕೆ.

ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಏನೂ ಕೇಳಲಿಲ್ಲ ಅಂತ ಏರಿಸುತ್ತಾ ಹೋಗಿದ್ದೆ. ಆಮೇಲೆ ದೊಡ್ಡ ಸ್ಪೀಕರಿಗೆ ಚುಚ್ಚಿದೆ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳೆಲ್ಲ ಗೊರ್‌ರ್ ಅಂದವು. ಅಮ್ಮ ಒಳಗಿಂದ, “ಸಿಲಿಂಡರ್ ಗಾಡಿ ಬಂತಾ ನೋಡೋ” ಅಂದರು. ಒಂದೊಂದೇ ಸ್ವರ ಹಿಡಿದು ನೋಡಿದೆ. ಎಫ್‌ಗೆ, ಅಂದರೆ ಸುಮಾರು 44 ಹರ್ಟ್ಸ್‌ಗೆ, ಮಾತ್ರ ತಟ್ಟೆ ಹಾಡುತ್ತದೆ. ಇಡೀ ಟ್ರ್ಯಾಕನ್ನು ಜಿಗೆ ಏರಿಸಿದೆ. ತಟ್ಟೆ ಸುಮ್ಮನಾದವು. ನಿಜ ಹೇಳಬೇಕಂದ್ರೆ ಜಿಯಲ್ಲೇ ಚೆನ್ನಾಗಿದೆ.

ಮೇಲೆ ಏನು ಹಾಕೋದು ಅಂತ ಇನ್ನೂ ಗೊತ್ತಿಲ್ಲ. ತಬಲಾ ಅಂತ ಆಸೆ. ಆದರೆ ಲಂಡನ್ನಿನ ತಬಲಾ ವಾದಕ ತಲ್ವಿನ್ ಸಿಂಗ್ ಅದನ್ನು ಎಷ್ಟೋ ಹಿಂದೆಯೇ ಮಾಡಿ ಮುಗಿಸಿದ್ದಾನೆ. ಹಾಕ್ಸ್‌ಟನ್ ಸ್ಕ್ವೇರಿನ ಬ್ಲೂ ನೋಟ್ ಕ್ಲಬ್ಬಿನಲ್ಲಿ ಭಾನುವಾರ ಗೋಲ್ಡಿಯ ‘ಮೆಟಲ್‌ಹೆಡ್ಸ್’ ರಾತ್ರಿ, ಸೋಮವಾರ ತಲ್ವಿನ್‌ನ ‘ಅನೋಖಾ’ ರಾತ್ರಿ. ಒಂದೇ ಕಟ್ಟಡ! ಬ್ರಿಟನ್ನಿನ 1997ರ ಮರ್ಕ್ಯುರಿ ಸಂಗೀತ ಪ್ರಶಸ್ತಿ ಬ್ರಿಸ್ಟಲ್‌ನ ರೋನಿ ಸೈಜ್‌ನ ಡ್ರಮ್ ಅಂಡ್ ಬೇಸ್ ತಂಡಕ್ಕೆ ಬಂತು, 1999ರದ್ದು ತಲ್ವಿನ್‌ಗೆ. ನಾನು ತಬಲಾ ಹಾಕಿದರೆ ಬರೀ ಒಗ್ಗರಣೆ ಆಗುತ್ತೆ. ಬೇಡ.

ವಾರ 7

ಲಂಡನ್ನಿನಲ್ಲಿ ಟ್ರ್ಯಾಕ್ ಮುಗಿದ ಕೂಡಲೇ ಡಬ್‌ಪ್ಲೇಟ್ ಅನ್ನೋ ಬಿಡಿ ರೆಕಾರ್ಡ್ ಕತ್ತರಿಸಿಕೊಂಡು ಅದೇ ರಾತ್ರಿ ಕ್ಲಬ್ಬಿನಲ್ಲಿ ಹಾಕಿ ನೋಡುತ್ತಿದ್ದರು. ಮೆತ್ತನೆಯ ತಟ್ಟೆ, ಹಾಕಿದಷ್ಟೂ ಸವೆಯುತ್ತದೆ. ನನ್ನ ಡಬ್‌ಪ್ಲೇಟ್ ಒಂದು ಪೆನ್‌ಡ್ರೈವ್. ಶನಿವಾರ ಗೆಳೆಯನ ಆರ್ಕೆಸ್ಟ್ರಾ ಒಂದು ಕಲ್ಯಾಣ ಮಂಟಪದಲ್ಲಿತ್ತು. ಸೌಂಡ್ ಚೆಕ್ ಮುಗಿದ ಮೇಲೆ ಎರಡು ನಿಮಿಷ ಕೊಡಿಸಿದ.

ಬೇಸ್ ಬಂತು ನೋಡಿ, ಕುರ್ಚಿ ಜೋಡಿಸುತ್ತಿದ್ದ ಹುಡುಗ ಕೈ ನಿಲ್ಲಿಸಿ ತಿರುಗಿದ. ಸೌಂಡಿನವರು, “ಸಾರ್, ಹಾಡು ಯಾವಾಗ ಶುರುವಾಗುತ್ತೆ?” ಅಂತ ಕೇಳಿದರು. ನಾನು ಹಾಲ್‌ನ ಹಿಂದಿನ ಸಾಲಿಗೆ ನಡೆದೆ. ಅಲ್ಲಿಗೆ ದೊಡ್ಡ ಪೆಟ್ಟುಗಳು ಮಾತ್ರ ಬರುತ್ತಿದ್ದವು. ಸಣ್ಣವು ಹತ್ತನೇ ಸಾಲಿಗೇ ಮಾಯ.

ಗೆಳೆಯ ಸ್ಟೇಜಿನಿಂದಲೇ ಹುಬ್ಬು ಹಾರಿಸಿದ. ಯಾರಿಗೋ ಕೇಳ್ಸುತ್ತೆ ಅಂತ ಮೊದಲೇ ಅಂದಿದ್ನಲ್ಲ.

ಬ್ರೇಕಿನ ಇನ್ನೊಂದು ಕಾಪಿಯನ್ನು ಚೆನ್ನಾಗಿ ಕಂಪ್ರೆಸ್ ಮಾಡಿ, ಅಂದರೆ ಸಣ್ಣ ಪೆಟ್ಟನ್ನೂ ದೊಡ್ಡದರ ಜೋರಿನ ಹತ್ತಿರಕ್ಕೆ ತಂದು, ಕೆಳಗೆ ಸೇರಿಸಿ ನೋಡಬೇಕು. ಆದರೆ ಅದಕ್ಕೊಂದು ದನಿ ಬೇಕು, ಎಂಟೂ ಆಗಲೇ ತುಂಬಿವೆ.