ಹೊರದೇಶದಲ್ಲಿ ಒಳ್ಳೆಯ ಸಂಬಳ ಬೇಕಾದರೆ ಏನು ಓದಬೇಕು?

ಈ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗಿಂತ ಅವರ ತಂದೆತಾಯಂದಿರೇ ಹೆಚ್ಚಾಗಿ ಕೇಳುತ್ತಾರೆ. ಒಂದು ವಿಷಯದ ಹೆಸರು ಹೇಳಿದರೆ ಸಾಕು ಎನ್ನುವ ಅವಸರ ಅವರದು. ನಾನು ಮಾತ್ರ ಮೊದಲು ಮರುಪ್ರಶ್ನೆ ಹಾಕುತ್ತೇನೆ: ಆ ಪದವಿಯನ್ನು ಅಲ್ಲಿ ಒಪ್ಪಬೇಕಾದವರು ಯಾರು?

ಸಂಬಳದ ಪಟ್ಟಿಗಳಲ್ಲಿ ವೈದ್ಯರೂ ವಕೀಲರೂ ಮೇಲಿರುತ್ತಾರೆ, ನಿಜ. ಆದರೆ ಒಂದು ದೇಶದ ಕಾನೂನು ಓದಿದವರು ಇನ್ನೊಂದು ದೇಶದ ನ್ಯಾಯಾಲಯದಲ್ಲಿ ನೇರವಾಗಿ ವಾದಿಸಲು ಆಗುವುದಿಲ್ಲ. ವೈದ್ಯರು ಅಮೆರಿಕಕ್ಕೆ ಹೋದರೆ ಯುಎಸ್‌ಎಂಎಲ್‌ಇ ಎಂಬ ವೈದ್ಯ ಪರವಾನಗಿ ಪರೀಕ್ಷೆಗಳನ್ನು ಬರೆದು, ಸಾಮಾನ್ಯವಾಗಿ ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿಯನ್ನೂ ಅಲ್ಲೇ ಮಾಡಬೇಕು. ಜರ್ಮನಿಯಲ್ಲಾದರೆ ರೋಗಿಯನ್ನು ಜರ್ಮನ್ ಭಾಷೆಯಲ್ಲೇ ವಿಚಾರಿಸಿ, ವರದಿ ಬರೆದು, ಪ್ರಕರಣವನ್ನು ಇನ್ನೊಬ್ಬ ವೈದ್ಯರಿಗೆ ವಿವರಿಸಿ ಪಾಸಾಗಬೇಕು. ನರ್ಸಿಂಗ್ ಕಡೆಗೆ ಈ ಪೋಷಕರು ತಿರುಗಿಯೂ ನೋಡುವುದಿಲ್ಲ; ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮೂರೂ ಎನ್‌ಕ್ಲೆಕ್ಸ್ ಎಂಬ ಒಂದೇ ಪರೀಕ್ಷೆಯನ್ನು ಬಳಸುತ್ತವೆ ಎಂದರೆ ನಂಬುವುದೂ ಇಲ್ಲ.

ಎಂಜಿನಿಯರಿಂಗ್‌ಗೆ 1989ರ ವಾಷಿಂಗ್ಟನ್ ಒಪ್ಪಂದವಿದೆ. ಅದಕ್ಕೆ ಸಹಿ ಹಾಕಿದ ದೇಶಗಳು ಪರಸ್ಪರರ ಮಾನ್ಯತೆ ಪಡೆದ ಪದವಿಗಳನ್ನು ಒಪ್ಪುತ್ತವೆ. ಇಲ್ಲಿ ನೋಡಬೇಕಾದದ್ದು ಕಾಲೇಜಿನ ಹೆಸರಲ್ಲ, ನೀವು ಸೇರುವ ಕೋರ್ಸಿಗೇ ಆ ಮಾನ್ಯತೆ ಇದೆಯೇ ಎಂಬುದು.

ಪದವಿಯ ಹೆಸರಿನಲ್ಲೂ ಹಣವಿದೆ. ಅಮೆರಿಕದಲ್ಲಿ ಪ್ರತಿ ಕೋರ್ಸಿಗೂ ಒಂದು ಸರ್ಕಾರಿ ಸಂಕೇತ ಸಂಖ್ಯೆ ಇರುತ್ತದೆ. ಸಾಮಾನ್ಯ ಅರ್ಥಶಾಸ್ತ್ರದ್ದು 45.0601. ಅದನ್ನು ಓದಿದ ವಿದೇಶಿ ವಿದ್ಯಾರ್ಥಿಗೆ ಪದವಿಯ ನಂತರ ಅಲ್ಲಿ ಕೆಲಸ ಮಾಡಲು 12 ತಿಂಗಳ ಅವಕಾಶ. ಎಕನಾಮೆಟ್ರಿಕ್ಸ್ (ಅಂಕಿಅಂಶ ಬಳಸುವ ಅರ್ಥಶಾಸ್ತ್ರ) ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರದ್ದು 45.0603, ಅದಕ್ಕೆ ಮತ್ತೆ 24 ತಿಂಗಳು ಸೇರುತ್ತದೆ. ಇದೇ ಕಾರಣಕ್ಕೆ ಹಲವು ವಿಶ್ವವಿದ್ಯಾಲಯಗಳು ತಮ್ಮ ಕೋರ್ಸಿನ ಸಂಖ್ಯೆಯನ್ನೇ ಬದಲಿಸಿಕೊಂಡವು. ಪ್ರವೇಶಪತ್ರ ತುಂಬುವ ಮೊದಲು ಈ ಸಂಖ್ಯೆ ಕೇಳಿ. ಕಚೇರಿಯವರು ಕಣ್ಣರಳಿಸಿದರೂ ಪರವಾಗಿಲ್ಲ, ಕೇಳಿ.

ಇವತ್ತಿನ ಸಂಬಳ ನೋಡಿ ವಿಷಯ ಆರಿಸುವುದು ನನಗೆ ಒಪ್ಪಿಗೆಯಿಲ್ಲ. 2014ರ ಮಧ್ಯದಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 100 ಡಾಲರ್ ದಾಟಿತ್ತು. ಪೆಟ್ರೋಲಿಯಂ ಎಂಜಿನಿಯರುಗಳಿಗೆ ಸುಗ್ಗಿ. 2016ರ ಆರಂಭಕ್ಕೆ ಬೆಲೆ 30 ಡಾಲರಿಗಿಂತ ಕೆಳಗಿಳಿಯಿತು. ಸುಗ್ಗಿಯಲ್ಲಿ ಕೋರ್ಸಿಗೆ ಸೇರಿದವರು ಆಗಿನ್ನೂ ತರಗತಿಯಲ್ಲೇ ಇದ್ದರು.

ಇಷ್ಟಾದ ಮೇಲೂ ಹೆಸರು ಹೇಳಿ ಎಂದು ಪಟ್ಟು ಹಿಡಿದರೆ, ಗಣಿತ ಒಲಿದವರಿಗೆ ಸಂಖ್ಯಾಶಾಸ್ತ್ರ ಎನ್ನುತ್ತೇನೆ. ಔಷಧ ಕಂಪನಿ, ಬ್ಯಾಂಕು, ವಿಮೆ, ಸಾಫ್ಟ್‌ವೇರ್ ಎಲ್ಲಕ್ಕೂ ಅದು ಬೇಕು, ಕೆಲಸಕ್ಕೆ ಸಾಮಾನ್ಯವಾಗಿ ಪರವಾನಗಿಯ ಕಾಟವೂ ಇಲ್ಲ. ಗಣಿತ ಕಂಡರಾಗದ ಮಗುವನ್ನು ಅದಕ್ಕೆ ನೂಕಬೇಡಿ; ಲೆಕ್ಕಪತ್ರ, ನರ್ಸಿಂಗ್ ಎರಡೂ ಗೌರವದ ದಾರಿಗಳೇ.

ಆಗ ಬರುವ ಕೊನೆಯ ಪ್ರಶ್ನೆ: "ಮತ್ತೆ ಕಂಪ್ಯೂಟರ್ ಸೈನ್ಸ್?" ಧಾರಾಳವಾಗಿ ಓದಲಿ. ಆದರೆ 2023ರ ನವೆಂಬರ್‌ನಿಂದ ಜರ್ಮನಿ, ನಿಗದಿತ ಸಂಬಳದ ಕೆಲಸ ಸಿಕ್ಕಿದ್ದು ಮೂರು ವರ್ಷದ ತಕ್ಕ ಅನುಭವವಿದ್ದರೆ, ಐಟಿ ಕೆಲಸಗಾರರಿಗೆ ಪದವಿಯೇ ಇಲ್ಲದೆ ಬ್ಲೂ ಕಾರ್ಡ್ ಎಂಬ ಕೆಲಸದ ವಾಸಪರವಾನಗಿ ಕೊಡುತ್ತಿದೆ. ಇದನ್ನು ಕೇಳಿದ ಪೋಷಕರು ಒಂದು ಕ್ಷಣ ಸುಮ್ಮನಾಗಿ, ಯಾವ ಕಾಲೇಜು ಒಳ್ಳೆಯದು ಎಂದು ಕೇಳುತ್ತಾರೆ.