ಹೊಸ ಮನೆಗೂ ರೇಡಾನ್ ಪರೀಕ್ಷೆ ಬೇಕು

ನಾವಿರುವ ಅಮೆರಿಕದ ಅಯೋವಾ ರಾಜ್ಯದಲ್ಲಿ 99 ಕೌಂಟಿಗಳಿವೆ, ಅಂದರೆ ನಮ್ಮ ಜಿಲ್ಲೆಗಳಂಥವು. ಅಷ್ಟೂ ರೇಡಾನ್ ಅಪಾಯ ಜಾಸ್ತಿ ಇರುವ ಪಟ್ಟಿಯಲ್ಲೇ ಇವೆ. ರೇಡಾನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಣ್ಣು, ಬಂಡೆಯೊಳಗಿನ ಯುರೇನಿಯಂ ಸವೆಯುತ್ತಾ ಹುಟ್ಟುವ ವಿಕಿರಣದ ಅನಿಲ ಇದು. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗರೇಟು ಬಿಟ್ಟರೆ ದೊಡ್ಡ ಕಾರಣ ಇದೇ. ವರ್ಷಕ್ಕೆ ಸುಮಾರು 21,000 ಸಾವು ಎಂದು ಇಲ್ಲಿನ ಪರಿಸರ ಸಂಸ್ಥೆಯ ಅಂದಾಜು.

ಹಾಸನದ ನಮ್ಮ ಹೆಂಚಿನ ಮನೆಯಲ್ಲಿ ಕಿಟಕಿ ಸದಾ ತೆರೆದಿರುತ್ತದೆ, ಹೆಂಚಿನ ಸಂದಿಯಲ್ಲೂ ಗಾಳಿ ಆಡುತ್ತದೆ. ಅಂಥ ಕಡೆ ಅನಿಲ ಜಾಸ್ತಿ ನಿಲ್ಲುವುದಿಲ್ಲ. ಇಲ್ಲಿ ಚಳಿಗಾಲ ಪೂರ್ತಿ ಎಲ್ಲವೂ ಬಂದ್. ಮನೆಯ ಬಿಸಿ ಗಾಳಿ ಮೇಲೇರಿ ಹೋಗುತ್ತದೆ. ಆಗ ಬೇಸ್‌ಮೆಂಟಿನ (ನೆಲಮಾಳಿಗೆಯ) ಬಿರುಕು, ಪೈಪಿನ ಸಂದಿಗಳಿಂದ ಮಣ್ಣಿನ ಗಾಳಿ ಒಳಗೆ ಎಳೆದುಕೊಂಡು ಬರುತ್ತದೆ. ಮನೆ ಹೊಸದಾದರೂ ಅಷ್ಟೇ.

ನಮ್ಮ ಬಿಲ್ಡರ್ ಕಾಂಕ್ರೀಟ್ ಹಾಕುವ ಮೊದಲೇ ಜಲ್ಲಿ ಹರಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮಣ್ಣಿನ ಅನಿಲ ಹೊರಗೆ ಹೋಗಲೆಂದು ಅಡಿಯಿಂದ ಸೂರಿನ ಮೇಲಕ್ಕೆ ಪಿವಿಸಿ ಪೈಪ್ ಒಯ್ದಿದ್ದರು. ಫ್ಯಾನ್ ಇರಲಿಲ್ಲ. ಪೈಪ್ ಇದೆಯಲ್ಲ ಎಂದು ಎಷ್ಟೋ ಜನ ಅಷ್ಟಕ್ಕೇ ಸುಮ್ನಾಗುತ್ತಾರೆ. ಅಳೆಯದೆ ಹಾಗೆ ನಂಬಬಾರದು. ನಮ್ಮ ಬೇಸ್‌ಮೆಂಟಿನಲ್ಲಿ ಲೀಟರ್ ಗಾಳಿಗೆ 7 ಪಿಕೊಕ್ಯೂರಿ (ವಿಕಿರಣ ಅಳೆಯುವ ಮಾನ) ಬಂತು. 4 ಮುಟ್ಟಿದರೇ ಸರಿಪಡಿಸಿ ಎಂಬುದು ಇಲ್ಲಿನ ಸಲಹೆ.

"ಹೊಸ ಮನೆಗೆ ಆಗ್ಲೇ ಯಾಕಪ್ಪ ರಿಪೇರಿ?" ಎಂದರು ಅಮ್ಮ ಫೋನಿನಲ್ಲಿ. ರಿಪೇರಿ ಅಲ್ಲಮ್ಮ, ಪೈಪಿಗೆ ಒಂದು ಫ್ಯಾನ್ ಅಷ್ಟೇ ಎಂದೆ. ಆದರೆ ಅದನ್ನು ಎಲ್ಲಿ ಕೂರಿಸುತ್ತಾರೆ ಅನ್ನೋದು ಮುಖ್ಯ. ಬೇಸ್‌ಮೆಂಟಿನಲ್ಲಿ ಕೂರಿಸಿದರೆ, ಫ್ಯಾನಿನ ಮೇಲಿನ ಪೈಪ್ ಎಲ್ಲಾದರೂ ಸೋರಿದಾಗ ಅನಿಲ ಮನೆಯೊಳಗೇ ಬರುತ್ತದೆ. ಅದಕ್ಕೇ ನಮಗೆ ಅಟ್ಟದಲ್ಲಿ ಹಾಕಿದರು. ನೆಲದ ಬಿರುಕುಗಳನ್ನೂ ಮುಚ್ಚಿದರು. ಕೆಳಗೆ ಪೈಪಿಗೆ ಯು ಆಕಾರದ ಪುಟ್ಟ ಕೊಳವೆ ಸಿಕ್ಕಿಸಿದ್ದಾರೆ, ಒಳಗೆ ಬಣ್ಣದ ದ್ರವ. ಎರಡು ಕಡೆಯ ಮಟ್ಟ ಬೇರೆ ಬೇರೆ ಇದ್ದರೆ ಫ್ಯಾನ್ ಎಳೆಯುತ್ತಿದೆ. ಸಮ ಆದರೆ ನಿಂತಿದೆ. ಮಗಳು ಶಾಲೆಯಿಂದ ಬಂದವಳೇ ಹೋಗಿ ನೋಡುತ್ತಾಳೆ. ಮತ್ತೆ ಅಳೆದಾಗ ಒಂದಕ್ಕಿಂತ ಕಡಿಮೆ ಬಂತು, ಮನಸ್ಸು ಹಗುರಾಯಿತು.

ಊರಲ್ಲಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಕ್ಕಳು ಈ ಕಡೆ ಮನೆ ತಗೊಂಡಿದ್ದರೆ "ರೇಡಾನ್ ನೋಡಿಸಿದ್ರಾ?" ಎಂದು ಕೇಳಿ. ಪರೀಕ್ಷೆಯ ಕಿಟ್ ಅಂಗಡಿಯಲ್ಲೇ ಸಿಗುತ್ತದೆ. ಕಿಟಕಿ, ಬಾಗಿಲು ಮುಚ್ಚಿ, ಜನ ಓಡಾಡುವ ಕೆಳಗಿನ ಮಹಡಿಯಲ್ಲಿ ಕನಿಷ್ಠ 48 ಗಂಟೆ ಇಟ್ಟು ಲ್ಯಾಬಿಗೆ ಕಳಿಸಿದರೆ ಆಯಿತು. ಫ್ಯಾನ್ ಹಾಕಿಸಿದವರೂ ಎರಡು ವರ್ಷಕ್ಕೊಮ್ಮೆ ಮತ್ತೆ ನೋಡಬೇಕು.