ಒಂಬತ್ತಕ್ಕೆ ಬಂದು ನಿಂತ ಆಟ

ನಾನು ಬರೆಯುತ್ತಿರುವ ರೀಜೆನ್ಸಿ ಪ್ರೇಮಕಥೆಯ ಹತ್ತನೇ ಅಧ್ಯಾಯ ಮುಗಿಯಿತು. ಹ್ಯಾರಿಯೆಟ್ ವೇಲ್ ಏಳು ಅಂಕ, ಲಾರ್ಡ್ ಕೆಂಡ್ರಿಕ್ ಒಂಬತ್ತು. ಹತ್ತಕ್ಕೆ ಆಟ ಮುಗಿಯುತ್ತದೆ. ಕಥೆ ಈ ಜಾಗಕ್ಕೆ ಬರಲಿ ಅಂತಲೇ ನಾನು ಇಷ್ಟು ದಿನ ಕಾಯುತ್ತಿದ್ದೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಕಥೆ ನಡೆಯುವುದು 1816ರ ಲಂಡನ್‌ನಲ್ಲಿ. ದೊರೆ ಮೂರನೇ ಜಾರ್ಜ್‌ಗೆ ಬುದ್ಧಿ ಸ್ವಾಧೀನದಲ್ಲಿಲ್ಲ. 1811ರಿಂದ ಮಗನೇ ರೀಜೆಂಟ್ ಆಗಿ ಅವನ ಜಾಗದಲ್ಲಿದ್ದಾನೆ. ಸೀಸನ್, ಅಂದರೆ ನೃತ್ಯ, ಔತಣಗಳ ಕಾಲ ಶುರುವಾಯಿತೆಂದರೆ ದೊಡ್ಡ ಮನೆತನದವರೆಲ್ಲ ಮದುವೆ ವಯಸ್ಸಿನ ಮಕ್ಕಳನ್ನು ಕಟ್ಟಿಕೊಂಡು ಲಂಡನ್‌ಗೆ ಬರುತ್ತಾರೆ. ಅಲ್ಲಿ ಹ್ಯಾರಿಯೆಟ್ ಮತ್ತು ಕೆಂಡ್ರಿಕ್ ಪಂದ್ಯ ಕಟ್ಟಿಕೊಳ್ಳುತ್ತಾರೆ. ಎದುರಿನವರು ಸಮಾಜದ ಒಂದು ಕಟ್ಟುಪಾಡು ಮೀರುವ ಹಾಗೆ ಮಾಡಿದರೆ ಒಂದು ಅಂಕ. ಮೊದಲು ಹತ್ತು ಮುಟ್ಟಿದವರು ಒಂದು ಪ್ರಶ್ನೆ ಕೇಳಬಹುದು, ಅದಕ್ಕೆ ನಿಜವನ್ನೇ ಹೇಳಬೇಕು. ಅದಕ್ಕೂ ಮೊದಲೇ 'ನೀವು ಇಷ್ಟ' ಅಂತ ಬಾಯಿಬಿಟ್ಟವರು ಸೋತ ಹಾಗೆ.

1816 ಅಂತಲೇ ಆರಿಸಿಕೊಂಡದ್ದಕ್ಕೆ ಕಾರಣ ಮಳೆ. ಹಿಂದಿನ ಏಪ್ರಿಲ್‌ನಲ್ಲಿ ಈಗಿನ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರಿಂದ ಯುರೋಪಿಗೆ ಆ ವರ್ಷ ಬೇಸಿಗೆಯೇ ಬರಲಿಲ್ಲ, ಬರೀ ಚಳಿ, ಮಳೆ. ನನ್ನ ಪಾತ್ರಗಳಿಗೆ ಈ ಕಾರಣ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಇಷ್ಟೇ: ಸಂಜೆ ಹೈಡ್ ಪಾರ್ಕ್‌ನಲ್ಲಿ ಸುತ್ತಾಡುವ ಹಾಗಿಲ್ಲ, ಮನೆಯೊಳಗೆ ಕೂತು ಇಸ್ಪೀಟು ಆಡಬೇಕು. ಪಂದ್ಯದ ಕಥೆಗೆ ಇದಕ್ಕಿಂತ ಒಳ್ಳೆಯ ಹವಾಮಾನ ಬೇಕಾ?

ಇಬ್ಬರೂ ಬಾಯಿಬಿಡಲು ಯಾಕಿಷ್ಟು ಹೆದರಬೇಕು ಅಂತ ಓದುಗರೊಬ್ಬರು ಕೇಳಿದ್ದರು. ಆ ಕಾಲದಲ್ಲಿ ಗಂಡಸು ಮದುವೆಯಾಗುತ್ತೇನೆ ಅಂತ ಮಾತು ಕೊಟ್ಟು ಹಿಂದೆ ಸರಿದರೆ ಹುಡುಗಿ ಕೋರ್ಟಿಗೆ ಹೋಗಿ ಪರಿಹಾರ ಕೇಳಬಹುದಿತ್ತು. ಹೆಣ್ಣು ತಾನಾಗಿ ಮನಸ್ಸು ತೋರಿಸಿದರೆ ಅವಳ ಹೆಸರೇ ಹೋಗುತ್ತಿತ್ತು. ಮದುವೆಯಾದ ಮೇಲೆ ಅವಳ ಹಣವೆಲ್ಲ ಗಂಡನ ಕೈಗೆ. ಮುಂಚೆಯೇ ಪತ್ರ ಮಾಡಿಸಿ ಎತ್ತಿಟ್ಟದ್ದಷ್ಟೇ ಉಳಿದೀತು. ಅವಳ ಕೈಯಲ್ಲಿದ್ದ ದೊಡ್ಡ ಅಧಿಕಾರ ಒಂದೇ, ಬೇಡ ಅನ್ನುವುದು. ರೀಜೆಂಟನ ಮಗಳು ಷಾರ್ಲಟ್ ಕೂಡ 1814ರಲ್ಲಿ ನೆದರ್ಲ್ಯಾಂಡ್ಸ್‌ನ ಆರೆಂಜ್ ರಾಜಕುಮಾರನ ಸಂಬಂಧ ಮುರಿದುಕೊಂಡಳು. 1816ರ ಮೇ 2ರಂದು ತಾನು ಒಪ್ಪಿದ ಜರ್ಮನ್ ರಾಜಕುಮಾರ ಲಿಯೋಪೋಲ್ಡ್‌ನನ್ನು ಮದುವೆಯಾದಳು. ನನ್ನ ನಾಲ್ಕನೇ ಅಧ್ಯಾಯದಲ್ಲಿ ಊರೆಲ್ಲ ಆ ಮದುವೆಯ ಸುದ್ದಿಯೇ. ಹ್ಯಾರಿಯೆಟ್‌ಗೆ ಧೈರ್ಯ ಬರುವುದು ಅಲ್ಲಿಂದ. ಇಷ್ಟು ದೊಡ್ಡದು ಪಣಕ್ಕಿದೆ ಅಂತ ಗೊತ್ತಾದಾಗಲೇ ಅವರ ತುಂಟಾಟಕ್ಕೆ ಮಜಾ ಬರುತ್ತದೆ ಅನ್ನುವುದು ನನ್ನ ನಂಬಿಕೆ. ಕಟ್ಟುಪಾಡನ್ನು ಸಡಿಲ ಬಿಟ್ಟ ಪುಟಗಳಲ್ಲೆಲ್ಲ ನಗುವೂ ಸಡಿಲವಾಗುತ್ತದೆ.

ಈಗ ಈ ಸಲದ ಮುಖ್ಯ ಕೆಲಸಕ್ಕೆ ಬರುತ್ತೇನೆ. ಅಂಕದ ಲೆಕ್ಕವನ್ನು ನಾನು ವಿಸ್ಟ್ ಅನ್ನುವ ಇಸ್ಪೀಟು ಆಟದಿಂದ ತೆಗೆದುಕೊಂಡಿದ್ದೇನೆ. ನಾಲ್ಕು ಜನ, ಎದುರುಬದುರು ಕೂತವರು ಜೋಡಿ, ತಲೆಗೆ 13 ಎಲೆ. ಆರು ಸುತ್ತಿನ ಮೇಲೆ ಗೆದ್ದ ಪ್ರತಿ ಸುತ್ತಿಗೂ ಒಂದು ಅಂಕ. ಇದಲ್ಲದೆ ಇನ್ನೊಂದು ದಾರಿ ಇದೆ. ತುರುಫಿನ ಎಕ್ಕ, ರಾಜ, ರಾಣಿ, ಗುಲಾಮ ನಾಲ್ಕೂ ಒಂದೇ ಜೋಡಿಯ ಕೈಗೆ ಬಂದರೆ 4 ಅಂಕ, ಮೂರು ಬಂದರೆ 2. ಇದು ಆಡಿ ಗಳಿಸಿದ್ದಲ್ಲ, ಎಲೆ ಹಂಚುವಾಗ ಸುಮ್ನೆ ಬಂದದ್ದು. ಆದರೆ ಹತ್ತು ಅಂಕದ ಹಳೆಯ ವಿಸ್ಟ್‌ನಲ್ಲಿ ಒಂದು ನಿಯಮವಿತ್ತು. ಒಂಬತ್ತಕ್ಕೆ ಬಂದು ನಿಂತವರಿಗೆ ಈ ಪುಕ್ಕಟೆ ಅಂಕ ಲೆಕ್ಕಕ್ಕಿಲ್ಲ. ಕೊನೆಯದನ್ನು ಆಡಿಯೇ ಗೆಲ್ಲಬೇಕು.

ಈ ನಿಯಮ ಸಿಕ್ಕಿದ ದಿನ ಕುಣಿದಾಡುವಷ್ಟು ಖುಷಿಯಾಯಿತು. ಕೆಂಡ್ರಿಕ್‌ನ ಒಂಬತ್ತು ಅಂಕದಲ್ಲಿ ಮುಕ್ಕಾಲು ಪಾಲು ಹುಟ್ಟಿನಿಂದ ಬಂದದ್ದು. ಕಿಂಗ್ ಸ್ಟ್ರೀಟ್‌ನಲ್ಲಿದ್ದ ಆಲ್ಮ್ಯಾಕ್ಸ್ ಅನ್ನುವ ದೊಡ್ಡವರ ಕೂಟದಲ್ಲಿ ಬುಧವಾರದ ನೃತ್ಯಕ್ಕೆ ಹೋಗಬೇಕೆಂದರೆ ಅಲ್ಲಿನ ಒಡತಿಯರು ಕೊಡುವ ಚೀಟಿ ಬೇಕು. ಒಳಗೆ ಸಿಗುವುದು ಬ್ರೆಡ್ಡು, ಬೆಣ್ಣೆ, ನಿಂಬೆ ಪಾನಕ ಅಷ್ಟೇ, ಆದರೂ ಆ ಚೀಟಿಗೆ ಜನ ಪ್ರಾಣ ಬಿಡುತ್ತಿದ್ದರು. ಕೆಂಡ್ರಿಕ್ ಆ ಒಡತಿಯರಲ್ಲೊಬ್ಬಳಾದ ಲೇಡಿ ಜರ್ಸಿಯ ಕಿವಿಯಲ್ಲಿ ಒಂದು ಮಾತು ಹಾಕಿದ, ಹ್ಯಾರಿಯೆಟ್‌ಗೆ ಚೀಟಿ ಬಂತು, ವಿಸ್ಟ್‌ನ ಪುಕ್ಕಟೆ ಅಂಕದ ಹಾಗೆ ಅವನಿಗೆ 2 ಅಂಕ. ಅವಳು ಗಳಿಸಿದ ಏಳು ಮಾತ್ರ ಪೂರ್ತಿ ಬುದ್ಧಿಯಿಂದ. ಒಬ್ಬಳ ಜೊತೆ ಒಂದು ರಾತ್ರಿಯಲ್ಲಿ ಎರಡಕ್ಕಿಂತ ಜಾಸ್ತಿ ನೃತ್ಯ ಮಾಡಿದರೆ ಊರೇ ನಿಶ್ಚಿತಾರ್ಥದ ಮಾತು ಶುರುಮಾಡುತ್ತಿತ್ತು. ಮೂರನೆಯದನ್ನು ಅವನೇ ಕೇಳುವ ಹಾಗೆ ಮಾಡಿ, ಕೇಳಿದ ಮೇಲೆ ಕಾಲುನೋವು ಅಂದುಬಿಟ್ಟಳು.

ಈಗ ಅವನ ಬಿರುದು, ಗಾಡಿ, ಪರಿಚಯ ಯಾವುದೂ ಲೆಕ್ಕಕ್ಕಿಲ್ಲ. ಹತ್ತನೇ ಅಧ್ಯಾಯದಲ್ಲಿ ಜೋರು ಮಳೆ. ಹ್ಯಾರಿಯೆಟ್‌ನ ಅತ್ತೆಯ ಮನೆಯಲ್ಲಿ ವಿಸ್ಟ್. ಇವರಿಬ್ಬರು ಒಂದು ಜೋಡಿ, ಆಟದ ನಡುವೆ ಜೋಡಿಗಳು ಮಾತಾಡುವ ಹಾಗಿಲ್ಲ. ಎಲೆಗಳೆಲ್ಲ ಇಳಿದ ಮೇಲಿನ ಭಾಗ ಇದು:

"ಡೈಮನ್ ಎಕ್ಕ ನಿಮ್ಮ ಕೈಯಲ್ಲೇ ಇತ್ತಲ್ಲ, ಮೈ ಲಾರ್ಡ್. ಯಾಕೆ ಇಳಿಸಲಿಲ್ಲ?"

"ಮೊದಲು ನೀವು ಆಟೀನ್ ಇಳಿಸಿದಿರಿ, ಮಿಸ್ ವೇಲ್. ನನ್ನ ಸರದಿ ಬಂದಾಗ ಅದನ್ನೇ ನಿಮ್ಮ ಕಡೆ ತಿರುಗಿಸಿದೆ."

"ಎಕ್ಕ ಇಳಿಸಿದ್ದರೆ ಸುತ್ತು ನಿಮ್ಮದೇ ಆಗುತ್ತಿತ್ತು."

"ಆಗುತ್ತಿತ್ತು. ನಿಮ್ಮದಾಗಲಿ ಅನ್ನಿಸಿತು."

ಅತ್ತೆ ಎಲೆಗಳನ್ನು ಕೂಡಿಸುತ್ತಾ, "ಇವರು ಚೆನ್ನಾಗಿ ಆಡುತ್ತಾರೆ ಕಣೆ ಹ್ಯಾರಿಯೆಟ್, ನಿನ್ನನ್ನು ಗಮನಿಸಿ ಆಡುತ್ತಾರೆ" ಅಂದರು.

ಅತ್ತೆಯ ಆ ಮಾತು ಕೊನೆಯ ತಿದ್ದುಪಡಿಯಲ್ಲಿ ಬಂದದ್ದು. ಅದು ಬಂದ ಮೇಲೆ ಹ್ಯಾರಿಯೆಟ್ ಏನೂ ಹೇಳಬೇಕಾಗಲಿಲ್ಲ. ಅವಳಿಗಿದ್ದ ಎರಡು ಸಾಲು ತೆಗೆದುಹಾಕಿದೆ.

ಹ್ಯಾರಿಯೆಟ್‌ನ ವರದಕ್ಷಿಣೆಯ ಲೆಕ್ಕವೂ ಈಗ ಗಟ್ಟಿಯಾಗಿದೆ: 4000 ಪೌಂಡ್. ಶೇಕಡಾ 5ರ ಸರ್ಕಾರಿ ಸಾಲಪತ್ರದಲ್ಲಿ ಹಾಕಿದರೆ ವರ್ಷಕ್ಕೆ 200. ಈ ಹಣದ ಮೂಲ ನಮ್ಮ ಶ್ರೀರಂಗಪಟ್ಟಣ. 1799ರಲ್ಲಿ ಕೋಟೆ ಬಿದ್ದಾಗ ಲೂಟಿಯ ಸಂಪತ್ತನ್ನು ಸೈನ್ಯದವರು ದರ್ಜೆಯ ಪ್ರಕಾರ ಹಂಚಿಕೊಂಡರು. ಆಗ ಕರ್ನಲ್ ಆಗಿದ್ದ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿಗೆ ಬಂದದ್ದು ಸುಮಾರು 4000 ಪೌಂಡ್. ಹ್ಯಾರಿಯೆಟ್‌ನ ತಂದೆಗೂ ಅದೇ ದರ್ಜೆ ಕೊಟ್ಟೆ. ಲಂಡನ್‌ನ ಎಷ್ಟೋ ಚೆಂದದ ಕೋಣೆಗಳ ಹಿಂದೆ ಇಂಥ ಹಣವಿತ್ತು. ಮೈಸೂರು ಕಡೆಯವಳಾಗಿ ಅದನ್ನು ಮರೆಮಾಚಲು ನನಗೆ ಮನಸ್ಸಿಲ್ಲ. ಹ್ಯಾರಿಯೆಟ್‌ಗೂ ಇದು ಗೊತ್ತಿರಬೇಕು. ಎಂಟನೇ ಅಧ್ಯಾಯದಲ್ಲಿ ಅವಳು ತಂದೆಯ ಹಳೆಯ ಕಾಗದ ಓದುವ ಪುಟವನ್ನು ಹೊಸದಾಗಿ ಸೇರಿಸಿದ್ದೇನೆ. ಕಥೆ ಅಲ್ಲಿ ಸ್ವಲ್ಪ ಗಂಭೀರವಾಗುತ್ತದೆ, ಆಗಲಿ.

ಬೀಸಣಿಗೆಯ ಗುಟ್ಟಿನ ಸಂಜ್ಞೆಗಳನ್ನು ಹಾಕಿ ಅಂತ ಕೆಲವರು ಹೇಳಿದ್ದಾರೆ. ಹಾಕುವುದಿಲ್ಲ. ಅದಕ್ಕೆ ಹೆಸರು ಬಂದದ್ದು ಹೆಚ್ಚಾಗಿ ನಂತರದ ಬೀಸಣಿಗೆ ವ್ಯಾಪಾರಿಗಳ ಜಾಹೀರಾತಿನಿಂದ.

ಮುಂದಿನದು ಮದುವೆಯ ಏರ್ಪಾಡು. ಲಾರ್ಡ್ ಆದವನಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ರಿಂದ ವಿಶೇಷ ಪರವಾನಗಿ ಸಿಗುತ್ತದೆ. ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಮದುವೆ. ಆದರೆ ಅದೂ ಹುಟ್ಟಿನಿಂದ ಬಂದ ಸವಲತ್ತೇ, ಅಲ್ವಾ? ಹ್ಯಾರಿಯೆಟ್ ಒಪ್ಪುವುದಿಲ್ಲ. ಊರಿನ ಎಲ್ಲರ ಹಾಗೆ ಚರ್ಚಿನಲ್ಲಿ ಮೂರು ಭಾನುವಾರ ಇಬ್ಬರ ಹೆಸರನ್ನೂ ಕೂಗಿ ಹೇಳಬೇಕು, ತಕರಾರು ಇದ್ದವರು ಎದ್ದು ಹೇಳಬಹುದು. ಹನ್ನೊಂದನೇ ಅಧ್ಯಾಯದಲ್ಲಿ ಮೊದಲ ಭಾನುವಾರ ಬರೆಯುತ್ತಿದ್ದೇನೆ. ಒಬ್ಬರು ಎದ್ದು ನಿಲ್ಲುತ್ತಾರೆ. ಯಾರು ಅಂತ ಮುಂದಿನ ಸಲ.